ಎಲ್ಲ ಇದ್ದೂ ಏನೋ ಕೊರತೆ!

ಊಟ-ಬಟ್ಟೆಗೆ ತೊಂದರೆಯಿಲ್ಲ, ಮಕ್ಕಳು ಒಂದು ದಡ ಸೇರಿದ್ದಾರೆ. ರಕ್ತದೊತ್ತಡ, ಸಕ್ಕರೆ, ಥೈರಾಯಿಡ್ ಎಲ್ಲವೂ ಸರಿಯಾಗಿವೆ. ಆದರೂ 'ಮನಸ್ಸಿಗೆ ಏನೋ ಸಾಲದು ಡಾಕ್ಟ್ರೇ' ಎನ್ನುವವರು ಬರುತ್ತಲೇ ಇರುತ್ತಾರೆ. ನಡುವಯಸ್ಸಿನ ಗೃಹಿಣಿಯರು, ಈಚೆಗೆ ನಿವೃತ್ತರಾದವರು ಇವರಲ್ಲಿ ಹೆಚ್ಚು. ಇದು ಕಾಯಿಲೆಯೇ? ಎಲ್ಲರಲ್ಲೂ ಅಲ್ಲ. ಹೊಟ್ಟೆಗೆ ಇರುವಂತೆ ಮನಸ್ಸಿಗೂ ಒಂದು ಹಸಿವು ಇದೆ.

ಅಮೆರಿಕದ ಮನೋವಿಜ್ಞಾನಿ ಅಬ್ರಹಾಂ ಮ್ಯಾಸ್ಲೊ 1943ರಲ್ಲಿ ಮನುಷ್ಯನ ಅಗತ್ಯಗಳನ್ನು ಐದಾಗಿ ವಿಂಗಡಿಸಿದರು. ಊಟ-ನಿದ್ದೆ, ಭದ್ರತೆ, ಪ್ರೀತಿ, ಗೌರವ. ಐದನೆಯದು ತನ್ನಲ್ಲಿರುವ ಸಾಮರ್ಥ್ಯವನ್ನು ಅರಳಿಸಿಕೊಳ್ಳುವುದು. ಇದನ್ನು ಸ್ವವಿಕಾಸ ಎನ್ನೋಣ. ಹಿರಿಯರು ಹೇಳುವ ಆತ್ಮಸಾಕ್ಷಾತ್ಕಾರ ಮೋಕ್ಷಕ್ಕೆ ಸಂಬಂಧಿಸಿದ್ದು. ಸ್ವವಿಕಾಸ ದಿನನಿತ್ಯದ ಬದುಕಿಗೆ ಸೇರಿದ್ದು. ಒಬ್ಬರಲ್ಲಿ ಅದು ಒಳ್ಳೆಯ ತಾಯಿಯಾಗುವ ಹಂಬಲ, ಇನ್ನೊಬ್ಬರಲ್ಲಿ ಕ್ರೀಡೆ, ಮತ್ತೊಬ್ಬರಲ್ಲಿ ಚಿತ್ರಕಲೆ ಎಂದು ಮ್ಯಾಸ್ಲೊ ಹೇಳಿದ್ದಾರೆ.

'ಜವಾಬ್ದಾರಿ ಎಲ್ಲ ಮುಗಿಯಲಿ, ಆಮೇಲೆ ನೋಡೋಣ' ಎಂದು ಇದನ್ನು ಮುಂದೂಡುವವರೇ ಬಹಳ. ಆದರೆ ಕೆಳಗಿನ ಅಗತ್ಯಗಳು ನೂರಕ್ಕೆ ನೂರು ಪೂರೈಸಲೇಬೇಕೆಂದು ಮ್ಯಾಸ್ಲೊ ಹೇಳಿಲ್ಲ. ಅವರು ಈ ಪರಿಕಲ್ಪನೆಯ ಹೆಸರನ್ನು ಪಡೆದದ್ದು ಜರ್ಮನಿಯ ನರರೋಗ ತಜ್ಞ ಕುರ್ಟ್ ಗೋಲ್ಡ್‌ಸ್ಟೈನ್ ಅವರಿಂದ. ಮೊದಲ ಮಹಾಯುದ್ಧದಲ್ಲಿ ಮಿದುಳಿಗೆ ಪೆಟ್ಟು ಬಿದ್ದ ಸೈನಿಕರನ್ನು ಗೋಲ್ಡ್‌ಸ್ಟೈನ್ ನೋಡಿಕೊಳ್ಳುತ್ತಿದ್ದರು. ಅಷ್ಟು ಕಳೆದುಕೊಂಡವರಲ್ಲೂ ಉಳಿದ ಶಕ್ತಿಯನ್ನು ಬಳಸಿ ಬಾಳುವ ಒತ್ತಾಸೆಯನ್ನು ಅವರು ಕಂಡರು.

ಸ್ವವಿಕಾಸ ಹೊಂದಿದವರ ಸ್ವಭಾವ ಹೇಗಿರುತ್ತದೆ? ತಮ್ಮನ್ನೂ ಇತರರನ್ನೂ ಇದ್ದಂತೆ ಒಪ್ಪಿಕೊಳ್ಳುವುದು, ಏಕಾಂತಕ್ಕೆ ಅಂಜದಿರುವುದು, ಕೆಲವರೊಡನೆಯಾದರೂ ಆಳವಾದ ಸ್ನೇಹ, ಯಾರನ್ನೂ ನೋಯಿಸದ ಹಾಸ್ಯ ಎಂದು ಮ್ಯಾಸ್ಲೊ ಪಟ್ಟಿ ಮಾಡಿದ್ದರು. ಅವರಲ್ಲೂ ದೋಷಗಳಿರುತ್ತವೆ ಎಂದೂ ಸೇರಿಸಿದ್ದರು. ಸದಾ ಚಿಂತಿಸುವ ಸ್ವಭಾವದವರಿಗೆ ಈ ನೆಮ್ಮದಿ ಸ್ವಲ್ಪ ಕಷ್ಟ. ಹಾಗೆಂದು 'ಹುಟ್ಟುಗುಣ ಸುಟ್ಟರೂ ಹೋಗದು' ಎಂದು ಕೈಚೆಲ್ಲಬೇಕಿಲ್ಲ. ವಯಸ್ಸು, ಅಭ್ಯಾಸಗಳೊಂದಿಗೆ ಸ್ವಭಾವವೂ ನಿಧಾನವಾಗಿ ಬದಲಾಗುತ್ತದೆ.

ಒಂದು ಎಚ್ಚರಿಕೆ. ಎರಡು ವಾರಕ್ಕೂ ಹೆಚ್ಚು ಕಾಲ ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ-ಹಸಿವಿನಲ್ಲಿ ಏರುಪೇರು ಕಂಡರೆ ಅದು ಖಿನ್ನತೆ ಇರಬಹುದು. ಅದಕ್ಕೆ ಹವ್ಯಾಸವೊಂದೇ ಮದ್ದಲ್ಲ, ವೈದ್ಯರನ್ನು ಕಾಣಿರಿ. ಸಾಯುವ ಯೋಚನೆ ಬಂದರಂತೂ ತಡಮಾಡಲೇಬಾರದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವುದೇ ಹೊತ್ತಿನಲ್ಲಿ ಉಚಿತವಾಗಿ ಕರೆ ಮಾಡಬಹುದು.

ಉಳಿದವರು ದಿನಕ್ಕೆ ಅರ್ಧ ಗಂಟೆ ತಮಗಾಗಿ ತೆಗೆದಿಡಲಿ. ಹಿಂದೆ ಇಷ್ಟಪಟ್ಟು ಬಿಟ್ಟುಬಿಟ್ಟ ಒಂದು ಕೆಲಸವನ್ನು ಮತ್ತೆ ಶುರುಮಾಡಲಿ. ಬಹುಮಾನ, ಹೊಗಳಿಕೆಗಳ ಲೆಕ್ಕ ಬೇಡ. ಮನೆಯವರ ಪಾಲೂ ಇದೆ. ಅಮ್ಮ ಹಳೆಯ ಹಾರ್ಮೋನಿಯಂ ಧೂಳು ಒರೆಸಿದರೆ, ಅಪ್ಪ ಕೈತೋಟಕ್ಕೆ ಇಳಿದರೆ, 'ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ?' ಎನ್ನಬೇಡಿ. ಆ ಅರ್ಧ ಗಂಟೆ ಮನೆಗೆಲಸದಲ್ಲಿ ಕೈಜೋಡಿಸಿ.