ಕರಿ ಬಟ್ಟಲು, ಬಿಳಿ ನೊರೆ

ಜಮಖಂಡಿ, ಮುಧೋಳದ ಕಡೆ ಗಾಜಿನ ಸಣ್ಣ ಲೋಟಕ್ಕೆ ಚಹಾ ಸುರಿಯುವಾಗ ಗಿರಾಕಿಯ ಕಣ್ಣು ಮೊದಲು ಹೋಗುವುದು ಅದರ ಬಣ್ಣದ ಮೇಲೆ. ಹಾಲು ಹೆಚ್ಚಾಯಿತೋ, ಪುಡಿ ಕಡಿಮೆಯಾಯಿತೋ ಗಾಜಿನಲ್ಲಿ ಕಂಡುಬಿಡುತ್ತದೆ. ಒಂಬೈನೂರು ವರ್ಷಗಳ ಹಿಂದೆ ಚೀನೀಯರೂ ಚಹಾದ ಬಣ್ಣ ಕಾಣಲೆಂದೇ ಒಂದು ಪಾತ್ರೆ ಆರಿಸಿಕೊಂಡಿದ್ದರು. ಅದು ಕಾಡಿಗೆಗಪ್ಪಿನ ಮಣ್ಣಿನ ಬಟ್ಟಲು. 2016ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅಂಥದೊಂದು ಬಟ್ಟಲು 1 ಕೋಟಿ 17 ಲಕ್ಷ ಡಾಲರಿಗೆ ಹೋಯಿತು!

ಸುಂಗ್ ಅರಸರ ಕಾಲದಲ್ಲಿ (960–1279) ಚಹಾದ ಎಲೆಯನ್ನು ಬಿಲ್ಲೆ ಮಾಡಿ ಒಣಗಿಸಿ, ಬೀಸಿ ಹಿಟ್ಟು ಮಾಡಿ, ಬಟ್ಟಲಿಗೆ ಹಾಕಿ ಬಿಸಿನೀರೆರೆದು ಕಡೆಯುತ್ತಿದ್ದರು. ನಾವು ಮಜ್ಜಿಗೆ ಕಡೆದಂತೆ. ಯಾರ ನೊರೆ ಹೆಚ್ಚು ಬಿಳುಪು, ಯಾರದು ಹೆಚ್ಚು ಹೊತ್ತು ನಿಂತೀತು ಎಂದು ಪಂದ್ಯಗಳೇ ನಡೆಯುತ್ತಿದ್ದವು. ಬಿಳಿ ನೊರೆ ಎದ್ದು ಕಾಣಲು ಕಪ್ಪು ಬಟ್ಟಲೇ ಬೇಕು. ಹುಯಿಝಾಂಗ್ ಚಕ್ರವರ್ತಿ 1107ರ ಸುಮಾರಿಗೆ ಬರೆದ ಚಹಾ ಗ್ರಂಥದಲ್ಲಿ ಕರಿ ಬಟ್ಟಲಿಗೇ ಮೊದಲ ಮಣೆ.

ನಮ್ಮ ಕುಂಬಾರರ ಕರಿ ಮಡಕೆಗೆ ಕಪ್ಪು ಬರುವುದು ಆವಿಗೆಯ ಹೊಗೆಯಿಂದ. ಚೀನೀ ಬಟ್ಟಲಿನದು ಕಬ್ಬಿಣದ ಅಂಶವುಳ್ಳ, ಗಾಜಿನಂಥ ಲೇಪ. ಫುಜಿಯಾನ್ ಪ್ರಾಂತದ ಜಿಯಾನ್ ಆವಿಗೆಗಳಲ್ಲಿ ಅದು ಕರಗಿ ಇಳಿಯುವಾಗ ಮೊಲದ ರೋಮದಂಥ ಗೆರೆಗಳು, ಎಣ್ಣೆಹನಿಯಂಥ ಚುಕ್ಕೆಗಳು ತಾವೇ ಮೂಡುತ್ತಿದ್ದವು. ನನಗೆ ಹೆಚ್ಚು ಬೆರಗು ಜಿಯಾಂಗ್‌ಶಿಯ ಜಿಝೌ ಕುಂಬಾರರದು. ಅವರು ನಿಜವಾದ ಎಲೆಯೊಂದನ್ನು ಬಟ್ಟಲೊಳಗೆ ಅಂಟಿಸಿ ಸುಡುತ್ತಿದ್ದರು. ಎಲೆ ಉರಿದುಹೋದರೂ ಅದರ ನರನರವೂ ಹಳದಿಯಾಗಿ ಕಪ್ಪಿನ ಮೇಲೆ ಉಳಿಯುತ್ತಿತ್ತು. ಇನ್ನು ಕೆಲವಕ್ಕೆ, ಕತ್ತರಿಸಿದ ಕಾಗದದ ಹೂವು, ಹಕ್ಕಿಗಳನ್ನು ಕಪ್ಪು ಲೇಪದ ಮೇಲಿಟ್ಟು ತಿಳಿಬಣ್ಣದ ಲೇಪ ಹಾಯಿಸಿ, ಕಾಗದ ತೆಗೆಯುತ್ತಿದ್ದರು. ರಂಗೋಲಿ ಅಚ್ಚಿನದೇ ಉಪಾಯ, ಆದರೆ ತಿರುವುಮುರುವು: ಕಾಗದ ಮುಚ್ಚಿದ ಜಾಗವೇ ಚಿತ್ರ.

1391ರಲ್ಲಿ ಮಿಂಗ್ ಚಕ್ರವರ್ತಿ ಹಾಂಗ್‌ವು ಬಿಲ್ಲೆ ಚಹಾದ ಕಪ್ಪಕಾಣಿಕೆಯನ್ನು ನಿಲ್ಲಿಸಿದ. ಎಲೆಯನ್ನೇ ಬಿಸಿನೀರಿನಲ್ಲಿ ನೆನೆಸುವ ರೂಢಿ ಬೆಳೆಯಿತು. ನೊರೆ ಹೋಯಿತು, ತಿಳಿಯಾದ ಚಹಾಕ್ಕೆ ಬಿಳಿ ಪಿಂಗಾಣಿ ಬಂತು.

ಬಿಜಾಪುರದಲ್ಲಿ ಆದಿಲಶಾಹಿ ಆರಂಭವಾದದ್ದು 1490ರಲ್ಲಿ. ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿ ಚೀನಾದ ಪಿಂಗಾಣಿ ಪಾತ್ರೆಗಳಿವೆ. ಆದರೆ ಆ ಸುಲ್ತಾನರ ಹೊತ್ತಿಗೆ ಕರಿ ಬಟ್ಟಲುಗಳ ಕಾಲ ಮುಗಿದಿತ್ತು. ಆದ್ದರಿಂದ ಮುಧೋಳದಲ್ಲೋ ಬೀಳಗಿಯಲ್ಲೋ ಯಾರಾದರೂ ಕರಿ ಬಟ್ಟಲು ತೋರಿಸಿ, ಬಾದಶಹರ ಕಾಲಕ್ಕೆ ಚೀನಾದಿಂದ ನಮ್ಮ ವಾಡೆಗೆ ಬಂದದ್ದು ಎಂದರೆ ದುಡ್ಡು ಬಿಚ್ಚುವ ಮೊದಲು ಬಟ್ಟಲನ್ನು ಬೋರಲು ಹಾಕಿ ನೋಡಬೇಕು. ಲೇಪವಿಲ್ಲದ ಅಡಿಯಲ್ಲಿ ಜಿಯಾನಿನ ಮಣ್ಣು ಕಪ್ಪಾಗಿರುತ್ತದೆ, ಜಿಝೌದ್ದು ತಿಳಿಯಾಗಿರುತ್ತದೆ. ಅಷ್ಟಕ್ಕೇ ನಂಬುವಂತೆಯೂ ಇಲ್ಲ. ಜಿಯಾನಿನ ಸೀಮೆಯಲ್ಲಿ ಈಗಲೂ ಕುಂಬಾರರು ಹಳೆಯ ಮಾದರಿಯ ಹೊಸ ಬಟ್ಟಲುಗಳನ್ನು ಸುಡುತ್ತಲೇ ಇದ್ದಾರೆ.