ಆಟಿಸಂ: ಮನೆಯ ಹತ್ತಿರವೇ ಸಿಗಬೇಕಾದ ನೆರವು

ಆಟಿಸಂ ಕಾಯಿಲೆಯಲ್ಲ, ಮಿದುಳು ಬೆಳೆಯುವ ರೀತಿಯಲ್ಲೇ ಇರುವ ಭಿನ್ನತೆ. ಎಳವೆಯಲ್ಲಿ ಕಾಣಿಸಿಕೊಂಡು ಬದುಕಿನುದ್ದಕ್ಕೂ ಜೊತೆಗಿರುತ್ತದೆ. ಹೆಸರು ಹಿಡಿದು ಕರೆದರೂ ಮಗು ತಿರುಗದಿರಬಹುದು. ಬೇಕಾದುದನ್ನು ಬೆರಳು ಮಾಡಿ ತೋರಿಸದೆ ದೊಡ್ಡವರ ಕೈ ಹಿಡಿದು ಎಳೆಯಬಹುದು. ಮಿಕ್ಸಿಯ ಸದ್ದಿಗೆ ಕಿವಿ ಮುಚ್ಚಿಕೊಂಡು ಚೀರಬಹುದು. ಇದನ್ನು ಹೋಗಲಾಡಿಸುವ ಮಾತ್ರೆಯಿಲ್ಲ. ತರಬೇತಿಯಿಂದ ಮಾತು, ಆಟ, ದಿನನಿತ್ಯದ ಕೆಲಸಗಳು ಸುಧಾರಿಸುತ್ತವೆ. ಆದರೆ ಥೆರಪಿ ಕೇಂದ್ರದಲ್ಲಿ ಮಗು ಕಳೆಯುವುದು ವಾರಕ್ಕೆ ಕೆಲವೇ ಗಂಟೆ. ಉಳಿದ ಹೊತ್ತೆಲ್ಲ ಮನೆ, ಬೀದಿ, ಶಾಲೆಗಳಲ್ಲೇ. ನೆರವು ಅಲ್ಲಿಗೂ ತಲುಪಬೇಕು.

ಮೊದಲ ತೊಡಕು ಗುರುತಿಸುವುದರಲ್ಲೇ ಇದೆ. ‘ಗಂಡು ಹುಡುಗ, ಮಾತು ತಡ’ ಎಂಬ ಮನೆಮಂದಿಯ ಸಮಾಧಾನದಲ್ಲಿ ಅಮೂಲ್ಯವಾದ ಒಂದೆರಡು ವರ್ಷಗಳು ಕಳೆದುಹೋಗುತ್ತವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಲ್ಲಿ ಮಕ್ಕಳನ್ನು ತಪಾಸಣೆ ಮಾಡುತ್ತವೆ. ಅನುಮಾನ ಬಂದ ಮಕ್ಕಳನ್ನು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸುವುದು ಅದರ ಕ್ರಮ. ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ ಹಾಗೂ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ವಿವರವಾದ ಪರೀಕ್ಷೆ ನಡೆಯುತ್ತದೆ. ತಾಯಿ ಸರಿಯಾಗಿ ಸಾಕಲಿಲ್ಲವೆಂದು ದೂರುವ ನೆಂಟರಿಗೂ ಒಂದು ಮಾತು ಸ್ಪಷ್ಟವಾಗಬೇಕು: ಸಾಕಿದ ರೀತಿಯಿಂದ ಆಟಿಸಂ ಬರುವುದಿಲ್ಲ.

ಪರಿಣತರು ನಗರಗಳಲ್ಲೇ ಹೆಚ್ಚು. ಹಾವೇರಿಯಿಂದಲೋ ಯಾದಗಿರಿಯಿಂದಲೋ ಕೂಲಿ ಬಿಟ್ಟು ಪ್ರತಿ ವಾರ ಬೆಂಗಳೂರಿಗೆ ಬರಲು ಯಾರಿಗೂ ಸಾಧ್ಯವಿಲ್ಲ. ಈ ಕೊರತೆಗೆ ಭರವಸೆಯ ದಾರಿಯೊಂದನ್ನು ತೋರಿಸಿದ್ದು ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದ ಪ್ರಯೋಗ. ಬ್ರಿಟನ್ನಿನಲ್ಲಿ ರೂಪುಗೊಂಡ ವಿಧಾನವೊಂದನ್ನು ಇಲ್ಲಿನ ಕುಟುಂಬಗಳಿಗೆ ಹೊಂದಿಸಿ, ವಿಶೇಷ ಪದವಿಯಿಲ್ಲದ ಆರೋಗ್ಯ ಕಾರ್ಯಕರ್ತರಿಗೆ ಕಲಿಸಲಾಯಿತು. ತಂದೆಯೋ ತಾಯಿಯೋ ಮಗುವಿನೊಡನೆ ಆಡುವುದನ್ನು ಕಾರ್ಯಕರ್ತೆ ವಿಡಿಯೊ ಮಾಡಿಕೊಳ್ಳುತ್ತಾರೆ. ಆಮೇಲೆ ಇಬ್ಬರೂ ಕೂತು ಅದನ್ನು ನೋಡುತ್ತಾರೆ. ಮಗು ಯಾವ ಗಳಿಗೆಯಲ್ಲಿ ಕಣ್ಣೆತ್ತಿ ನೋಡಿತು, ಅದರ ಆಟಕ್ಕೆ ತಾಯಿ ಯಾವಾಗ ಜೊತೆಯಾದರು, ಎಲ್ಲಿ ಅವಸರಪಟ್ಟು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು ಎಂಬುದು ತೆರೆಯ ಮೇಲೆ ಅವರಿಗೇ ಕಾಣುತ್ತದೆ. 2ರಿಂದ 9 ವರ್ಷದೊಳಗಿನ 65 ಮಕ್ಕಳು ಭಾಗವಹಿಸಿದ್ದ ಈ ಅಧ್ಯಯನದ ಫಲಿತಾಂಶ 2016ರಲ್ಲಿ ‘ಲ್ಯಾನ್ಸೆಟ್ ಸೈಕಿಯಾಟ್ರಿ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೆತ್ತವರು ಮಗುವಿನ ಗಮನಕ್ಕೆ ಸ್ಪಂದಿಸುವುದು ಹೆಚ್ಚಿತ್ತು. ಮಗು ತಾನಾಗಿ ಅವರೊಡನೆ ಸಂವಹನಕ್ಕೆ ತೊಡಗುವುದೂ ಹೆಚ್ಚಿತ್ತು. ಹಳ್ಳಿಗಾಡಿನ ಕುಟುಂಬಗಳಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇರೆ ಇರಲಾರದು.

ಕಾನೂನಿನ ಮನ್ನಣೆ ಬಂದದ್ದು ತಡವಾಗಿ. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಅದನ್ನು ಹೆಸರಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಅಂಗವಿಕಲತೆಗಳಲ್ಲಿ ಆಟಿಸಂ ಕೂಡ ಸೇರಿತು. ಪ್ರಮಾಣಪತ್ರ ಕೊಡುವಾಗ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ರೂಪಿಸಿದ, 40 ಅಂಶಗಳ ಭಾರತೀಯ ಅಳತೆಪಟ್ಟಿಯನ್ನು ಬಳಸುತ್ತಾರೆ. ಹೆಚ್ಚಿನ ಸವಲತ್ತುಗಳಿಗೆ ಶೇ 40ರಷ್ಟಾದರೂ ಅಂಗವಿಕಲತೆ ದಾಖಲಾಗಬೇಕು. ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ನೆರವಾಗುತ್ತದೆ, ಥೆರಪಿಯ ವೆಚ್ಚಕ್ಕೂ ಅದರಲ್ಲಿ ಪಾಲಿದೆ. ಕರ್ನಾಟಕದಲ್ಲಿ ಈ ಅರ್ಜಿಗಳಿಗೆ ಮೊದಲು ಕಾಣಬೇಕಾದವರು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಊರಿನವರೇ ಆದ ಇವರಿಗೆ ಯಾವ ಮನೆಯಲ್ಲಿ ಯಾರಿಗೆ ನೆರವು ಬೇಕೆಂಬುದು ಗೊತ್ತಿರುತ್ತದೆ. ಶಾಲೆಯ ವಿಷಯಕ್ಕೆ ಬ್ಲಾಕ್ ಮಟ್ಟದ ಸಂಪನ್ಮೂಲ ಶಿಕ್ಷಕರಿದ್ದಾರೆ. ತರಗತಿಗೆ ಬರಲಾಗದ ಮಕ್ಕಳಿಗೆ ಮನೆಯಲ್ಲೇ ಕಲಿಸುವ ವ್ಯವಸ್ಥೆಯೂ ಉಂಟು.

ಹೆತ್ತವರೇ ಕಟ್ಟಿದ ಸಂಘಟನೆಗಳ ಪಾತ್ರವೂ ದೊಡ್ಡದು. ದೆಹಲಿಯಲ್ಲಿ 1991ರಲ್ಲಿ ಆರಂಭವಾದ ‘ಆ್ಯಕ್ಷನ್ ಫಾರ್ ಆಟಿಸಂ’ ಸಂಸ್ಥೆಯ ಸ್ಥಾಪಕಿ ಮೆರಿ ಬರುವಾ ಆಟಿಸಂ ಇರುವ ಮಗನ ತಾಯಿ. ಇಂಥ ಗುಂಪುಗಳಲ್ಲಿ ಯಾವ ದಂತವೈದ್ಯರಿಗೆ ತಾಳ್ಮೆಯಿದೆ, ಮದುವೆ ಮನೆಯ ಗದ್ದಲದಲ್ಲಿ ಮಗುವನ್ನು ಹೇಗೆ ಸಂಭಾಳಿಸುವುದು ಎಂಬ ಬಳಕೆಯ ತಿಳಿವಳಿಕೆ ಕೈಯಿಂದ ಕೈಗೆ ದಾಟುತ್ತದೆ. ಕೆಲವು ಗಂಟೆ ಮಗುವನ್ನು ನಂಬಿಕೆಯಿಂದ ಬಿಟ್ಟು ಹೋಗಬಹುದಾದ ಜಾಗಗಳು ಮಾತ್ರ ಇನ್ನೂ ತೀರ ಕಡಿಮೆ. ಬಿಡುವಿಲ್ಲದೆ ದಣಿದ ತಾಯಂದಿರಿಗೆ ಅದು ಥೆರಪಿಯಷ್ಟೇ ಮುಖ್ಯ.

ಮಕ್ಕಳಿಗೆ 18 ತುಂಬಿದ ಮೇಲೆ ಸೇವೆಗಳು ಇನ್ನಷ್ಟು ವಿರಳವಾಗುತ್ತವೆ. ಸರ್ಕಾರಿ ಉದ್ಯೋಗದ ಶೇ 4ರ ಮೀಸಲಾತಿಯಲ್ಲಿ ಶೇ 1ರಷ್ಟನ್ನು ಆಟಿಸಂ, ಬೌದ್ಧಿಕ ಅಂಗವಿಕಲತೆ ಮೊದಲಾದವು ಇರುವವರೆಲ್ಲ ಹಂಚಿಕೊಳ್ಳಬೇಕು. ‘ನಮ್ಮ ನಂತರ ಯಾರು?’ ಎಂಬ ಪ್ರಶ್ನೆ ಹೆತ್ತವರನ್ನು ಕಾಡತೊಡಗುವುದು ಈ ವಯಸ್ಸಿನಲ್ಲೇ. ತಾನೇ ತೀರ್ಮಾನ ತೆಗೆದುಕೊಳ್ಳಲು ಕಷ್ಟವಿರುವ ವಯಸ್ಕರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸುವ ಅಧಿಕಾರ ಜಿಲ್ಲಾಧಿಕಾರಿ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿಗಿದೆ. ಅದರಲ್ಲಿ ನೋಂದಾಯಿತ ಸಂಸ್ಥೆಯ ಪ್ರತಿನಿಧಿ ಮತ್ತು ಅಂಗವಿಕಲ ವ್ಯಕ್ತಿಯೊಬ್ಬರು ಇರುತ್ತಾರೆ. ನೇಮಕಗೊಂಡವರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಸಲ್ಲಿಸಬೇಕು, ಪ್ರತಿ ವರ್ಷ ಲೆಕ್ಕ ಒಪ್ಪಿಸಬೇಕು. ನಿರ್ಲಕ್ಷ್ಯ ಮಾಡಿದರೆ ಅಥವಾ ಆಸ್ತಿಯನ್ನು ದುರುಪಯೋಗಪಡಿಸಿಕೊಂಡರೆ ಬಂಧುಗಳಾಗಲಿ ನೋಂದಾಯಿತ ಸಂಸ್ಥೆಯಾಗಲಿ ಸಮಿತಿಗೆ ಅರ್ಜಿ ಸಲ್ಲಿಸಬಹುದು. ವಿಚಾರಣೆಯ ನಂತರ ಸಮಿತಿ ಅವರನ್ನು ತೆಗೆದು ಬೇರೆಯವರನ್ನು ನೇಮಿಸಬಹುದು.