ಹವಾಮಾನ ಉಪಗ್ರಹದ ನಿತ್ಯಪರಿಚರ್ಯೆ

ಹವಾಮಾನ ಉಪಗ್ರಹವು ಮೇಘಗಳ ಚಿತ್ರವನ್ನು ತೆಗೆದು ಭೂಮಿಗೆ ಕಳುಹಿಸುವುದೆಂಬುದು ಸರ್ವವಿದಿತವಾದ ವಿಷಯ. ಆ ಚಿತ್ರವು ಕಣ್ಣಾರೆ ಕಂಡುದರಷ್ಟೇ ನಿಸ್ಸಂಶಯವಾದ ಪ್ರತ್ಯಕ್ಷವೆಂದು ನೋಡುವವರಿಗೆ ತೋರುವುದು ಸಹಜ. ಆದರೆ ಇಂದ್ರಿಯದಲ್ಲಿ ದೋಷವಿದ್ದರೆ ಪ್ರತ್ಯಕ್ಷದಲ್ಲಿಯೂ ದೋಷವುಂಟಾಗುವುದೆಂದು ಶಾಸ್ತ್ರಜ್ಞರು ಹೇಳುವರು. ಕಾಮಾಲೆಯುಳ್ಳವನಿಗೆ ಬಿಳಿಯ ಶಂಖವು ಹಳದಿಯಾಗಿ ಕಾಣುವುದು ಪ್ರಸಿದ್ಧವಾದ ದೃಷ್ಟಾಂತ. ಉಪಗ್ರಹದ ಕಣ್ಣಿಗೂ ಇಂಥ ದೋಷಗಳು ಒದಗುತ್ತಲೇ ಇರುವುವು. ಅವನ್ನು ಅರಿತು ಪರಿಹರಿಸುವುದೇ ಭೂಕೇಂದ್ರಗಳ ನಿತ್ಯಕಾರ್ಯ.

ಉದಾಹರಣೆಗೆ ಭಾರತದ ಇನ್ಸಾಟ್-3ಡಿಆರ್ ಉಪಗ್ರಹವನ್ನು ತೆಗೆದುಕೊಳ್ಳಬಹುದು. ಇದು 2016ನೆಯ ಸಪ್ಟೆಂಬರ್ 8ರಂದು ಶ್ರೀಹರಿಕೋಟೆಯಿಂದ ಉಡಾಯಿಸಲ್ಪಟ್ಟು, ವಿಷುವದ್ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, 74 ಡಿಗ್ರಿ ಪೂರ್ವ ರೇಖಾಂಶದಲ್ಲಿ ನೆಲೆಗೊಳಿಸಲ್ಪಟ್ಟಿತು. ಭೂಮಿಯು ತಿರುಗುವಷ್ಟೇ ಕಾಲದಲ್ಲಿ ತಾನೂ ಸುತ್ತುವುದರಿಂದ ಅದು ನಿಶ್ಚಲವಾಗಿ ನಿಂತಂತೆ ತೋರುವುದು. ಭೂಮಂಡಲದ ಪೂರ್ಣಚಿತ್ರವೊಂದನ್ನು ತೆಗೆಯಲು ಅದಕ್ಕೆ ಅರ್ಧ ಗಂಟೆಗಿಂತ ಸ್ವಲ್ಪ ಕಡಮೆ ಹೊತ್ತು ಸಾಕು.

ಮೊದಲನೆಯ ದೋಷವು ಸ್ಥಾನಚ್ಯುತಿ. ಸೂರ್ಯಚಂದ್ರರ ಆಕರ್ಷಣೆಯು ಉಪಗ್ರಹವನ್ನು ಉತ್ತರ ದಕ್ಷಿಣಗಳಿಗೆ ಓಲಾಡಿಸುವುದು; ಭೂಮಿಯ ನಡುವೃತ್ತವು ಶುದ್ಧವರ್ತುಲವಲ್ಲದ ಕಾರಣ ಪೂರ್ವಪಶ್ಚಿಮಗಳಿಗೂ ಅದು ಸರಿಯುವುದು. 1982ರಲ್ಲಿ ಸ್ಥಾಪಿತವಾದ ಹಾಸನದ ಮುಖ್ಯ ನಿಯಂತ್ರಣ ಕೇಂದ್ರವು ಹಗಲಿರುಳೆನ್ನದೆ ಇದನ್ನು ಕಾಯುವುದು. ಕೇಂದ್ರದವರು ರೇಡಿಯೋ ಸಂಕೇತವನ್ನು ಕಳುಹಿಸಿ, ಅದು ಹಿಂದಿರುಗಲು ಹಿಡಿಯುವ ಕಾಲದಿಂದ, ಅಂದರೆ ಸುಮಾರು ಕಾಲು ಸೆಕೆಂಡಿನಿಂದ, ದೂರವನ್ನು ಗಣಿಸುವರು. ಬೇಕಾದಾಗ ಉಪಗ್ರಹದ ಕಿರುನೂಕುಯಂತ್ರಗಳನ್ನು ಹೊತ್ತಿಸಿ ಅದನ್ನು ಸ್ವಸ್ಥಾನಕ್ಕೆ ತರುವರು. ಇದಕ್ಕೆ ಬೇಕಾದ ಇಂಧನವು ಪರಿಮಿತವಾದುದು. 1982ರ ಏಪ್ರಿಲಿನಲ್ಲಿ ಉಡಾಯಿಸಲ್ಪಟ್ಟ ಇನ್ಸಾಟ್-1ಎ ಇಂಧನವು ತೀರಿದುದರಿಂದ ಅದೇ ವರ್ಷದ ಸಪ್ಟೆಂಬರಿನಲ್ಲಿಯೇ ನಿಷ್ಪ್ರಯೋಜಕವಾಯಿತು.

ಎರಡನೆಯದು ಛಾಯೆ. ವಿಷುವಕಾಲಗಳ ಆಸುಪಾಸಿನಲ್ಲಿ, ಒಂದೊಂದು ಬಾರಿಗೆ ಸುಮಾರು 45 ದಿನ, ಮಧ್ಯರಾತ್ರಿಯ ವೇಳೆಗೆ ಉಪಗ್ರಹವು ಭೂಮಿಯ ನೆರಳನ್ನು ಹೊಗುವುದು. ಈ ಗ್ರಹಣವು ಹೆಚ್ಚೆಂದರೆ 72 ನಿಮಿಷವಿರುವುದು. ಆಗ ಬ್ಯಾಟರಿಯೇ ಆಧಾರ. ಗ್ರಹಣದ ಹಿಂದುಮುಂದೆ ಭೂಬಿಂಬದ ಅಂಚಿನಿಂದ ಇಣುಕುವ ಸೂರ್ಯನ ಬೆಳಕು ನೇರವಾಗಿ ಯಂತ್ರದ ಕಣ್ಣನ್ನು ಹೊಕ್ಕು ಚಿತ್ರವನ್ನು ಕೆಡಿಸಬಲ್ಲುದು. ಇಂಥ ಹೊತ್ತಿನಲ್ಲಿ ಅನ್ಯ ರೇಖಾಂಶದ ಉಪಗ್ರಹಗಳು ನೆರವಾಗುವುವು; ಅವುಗಳಿಗೆ ಮಧ್ಯರಾತ್ರಿಯು ಬೇರೆ ವೇಳೆಯಲ್ಲಿ ಬರುವುದಷ್ಟೆ.

ಮೂರನೆಯದು ಉಷ್ಣ. ರಾತ್ರಿಯಲ್ಲಿ ಮೇಘಗಳನ್ನು ಕಾಣುವುದು ಅವು ಹೊರಸೂಸುವ ಅವಕೆಂಪು ಕಿರಣಗಳಿಂದ. ಆ ಕಿರಣಗಳನ್ನು ಅಳೆಯುವ ಉಪಕರಣವು ತಾನೇ ಬಿಸಿಯಾದರೆ ಅಳತೆಯು ಕೆಡುವುದು. ಆದುದರಿಂದ ಅದರ ಶೀತಕಾರಿಯಾದ ಮುಖವನ್ನು ಸೂರ್ಯನಿಗೆ ವಿಮುಖವಾಗಿಡಬೇಕು. ಸೂರ್ಯನು ಆರು ತಿಂಗಳು ಉತ್ತರದಲ್ಲಿಯೂ ಆರು ತಿಂಗಳು ದಕ್ಷಿಣದಲ್ಲಿಯೂ ಇರುವನಾದುದರಿಂದ ವರ್ಷಕ್ಕೆರಡು ಸಲ ಉಪಗ್ರಹವನ್ನೇ ಅರ್ಧಸುತ್ತು ತಿರುಗಿಸುವರು. ಇದಲ್ಲದೆ ಉಪಕರಣವು ಆಗಾಗ ಶೂನ್ಯಾಕಾಶದ ಶೈತ್ಯವನ್ನೂ, ತನ್ನೊಳಗಿರುವ, ತಾಪವು ತಿಳಿದಿರುವ ಕಪ್ಪು ಫಲಕವನ್ನೂ ನೋಡುವುದು. ಈ ಎರಡು ಸಾಕ್ಷಿಗಳಿಂದಲೇ ಮೇಘಶಿಖರದ ತಾಪವು ನಿರ್ಣಯವಾಗುವುದು. ಶಿಖರವು ತಣ್ಣಗಿದ್ದಷ್ಟೂ ಮೇಘವು ಎತ್ತರವಾದುದೆಂದು ಗ್ರಹಿಸುವುದರಿಂದ, ಇಲ್ಲಿ ತಪ್ಪಿದರೆ ಮಳೆಯ ಅಂದಾಜೂ ತಪ್ಪುವುದು.

ಇಷ್ಟಾದ ಮೇಲೆ ನವದೆಹಲಿಯಲ್ಲಿ ಹವಾಮಾನ ಇಲಾಖೆಯವರ ಕೆಲಸವು. ಚಿತ್ರದಲ್ಲಿ ಕಾಣುವ ಕರಾವಳಿಯನ್ನು ನಕ್ಷೆಯ ಕರಾವಳಿಯೊಡನೆ ಹೊಂದಿಸಬೇಕು. ಉಷ್ಣಚಿತ್ರದ ಒಂದು ಬಿಂದುವು 4 ಕಿಲೋಮೀಟರಿಗೆ ಸಮ. ಮೇಘವು ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಎಷ್ಟು ಸರಿದಿದೆಯೆಂಬುದರಿಂದ ಮೇಲುಗಾಳಿಯ ವೇಗವನ್ನು ಊಹಿಸುವರು. ಮೇಘದ ಚಲನೆಯು ಹೇತು, ಗಾಳಿಯು ಸಾಧ್ಯ. ಅರ್ಧ ಗಂಟೆಯ ಅಂತರದ ಎರಡು ಚಿತ್ರಗಳ ಹೊಂದಾಣಿಕೆಯಲ್ಲಿ ಒಂದೇ ಬಿಂದು ತಪ್ಪಿದರೂ ವೇಗದಲ್ಲಿ ಗಂಟೆಗೆ 8 ಕಿಲೋಮೀಟರಿನ ದೋಷ ಬರುವುದು. ಹೇತುವೇ ಅಸಿದ್ಧವಾದರೆ ಅನುಮಾನವು ನಿಲ್ಲಲಾರದು.

ಹೀಗೆ ನೋಡಿದರೆ ಮೇಘಚಿತ್ರವು ಶುದ್ಧ ಪ್ರತ್ಯಕ್ಷವಲ್ಲ. ದೋಷನಿವಾರಣೆಯಿಂದ ಪ್ರಾಮಾಣ್ಯವನ್ನು ಪಡೆದ ಜ್ಞಾನ. ಚಂಡಮಾರುತದ ಮುನ್ಸೂಚನೆಯನ್ನು ಕೇಳಿ ದೋಣಿಯನ್ನು ದಡಕ್ಕೆಳೆಯುವ ಬೆಸ್ತನು ಹಾಸನದ ಕಾವಲನ್ನೂ ದೆಹಲಿಯ ಗಣನೆಯನ್ನೂ ಕಾಣನು. ಆದರೂ ಅವನು ನಂಬುವುದು ಅವನ್ನೇ.